ಬೀರುವಿನ ಬಾಗಿಲಿಗೆ ಒರಗಿದ ಬೇಸ್

ಲಾಪು-ಲಾಪು, ಸೆಬು
12 ಫೆಬ್ರವರಿ 1996

ಅಕ್ಕ,

ಒಂದು ವರ್ಷದ ಮೇಲೆ ನಿನ್ನ ಕೈಬರಹ ನೋಡಿದೆ. ಲಕೋಟೆಯ ಮೇಲೆ ನನ್ನ ಹೆಸರು ಮೊದಲಿನ ಹಾಗೆಯೇ ಬಲಕ್ಕೆ ವಾಲಿಕೊಂಡಿತ್ತು. ಒಡೆದು ನೋಡಿದರೆ ಒಳಗಿದ್ದದ್ದು ಕಾಗದವಲ್ಲ, ನೋಟೀಸು. ‘ಪೆನಾಂಗಿನಲ್ಲಿ ಹೊಸ ಹೋಟೆಲು. ಜೂನ್ ಒಂದರಿಂದ ಆರು ತಿಂಗಳು. ಬೇಸ್ ನುಡಿಸುವ ಜಾಗ ಖಾಲಿ ಇದೆ. ಬರುವುದಾದರೆ ಏಪ್ರಿಲ್ ಮುಗಿಯುವುದರೊಳಗೆ ತಿಳಿಸು. ಹೋಟೆಲಿನವರ ಷರತ್ತು ಒಂದೇ: ಎರಡು ಬೇಸ್ ಗಿಟಾರ್ ತರಬೇಕು, ಒಂದು ಕೈಕೊಟ್ಟರೆ ಇನ್ನೊಂದು.’ ಕೆಳಗೆ ಸಹಿ. ಮಗು ಹೇಗಿದೆ ಎಂಬ ಒಂದು ಸಾಲು ಹಿಂಬದಿಯಲ್ಲಾದರೂ ಇದ್ದೀತೆಂದು ತಿರುಗಿಸಿ ನೋಡಿದೆ.

ಮಗು ಚೆನ್ನಾಗಿದ್ದಾಳೆ. ಹೆಸರು ದುಲ್ಸೇ. ಆರೂವರೆ ತಿಂಗಳು, ಕೆಳಗೆ ಎರಡು ಹಲ್ಲು. ಒಂದೇ ಸಮನೆ ನಲವತ್ತು ನಿಮಿಷಕ್ಕಿಂತ ಹೆಚ್ಚು ನಿದ್ದೆ ಮಾಡಿದವಳಲ್ಲ. ಹಾಗಾಗಿ ನಾನೂ ಮಾಡಿದವಳಲ್ಲ. ಅವಳು ಅತ್ತರೆ ಯಾಕೆ ಅಳುತ್ತಾಳೆ ಎಂದು ಎದ್ದು ಕೂರುತ್ತೇನೆ, ಅಳದಿದ್ದರೆ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತೇನೆ.

ಷರತ್ತು ಯಾಕೆ ಬಂತೆಂದು ನೀನು ಬರೆದಿಲ್ಲ, ಬರೆಯುವ ಅಗತ್ಯವೂ ಇಲ್ಲ. ಕಳೆದ ವರ್ಷ ಚೀನೀಯರ ಹೊಸ ವರ್ಷದ ಔತಣದಲ್ಲಿ, ನಾನೂರು ಜನರ ಮುಂದೆ, ನಾಲ್ಕನೆಯ ಹಾಡಿನ ನಡುವೆ ನನ್ನ ಬೇಸ್ ಸದ್ದು ನಿಲ್ಲಿಸಿತು. ಒಳಗೆ ವೈರು ಕಿತ್ತುಹೋಗಿದೆ ಎಂದೆ. ಇನ್ನೊಂದು ಇರಲಿಲ್ಲ. ‘ಬದಲಿ ವಾದ್ಯ ಕೂಡ ಇಟ್ಟುಕೊಳ್ಳದ ತಂಡ’ ಎಂದು ಹೋಟೆಲಿನ ಮ್ಯಾನೇಜರು ನಮ್ಮ ಒಪ್ಪಂದವನ್ನೇ ಮುಂದುವರಿಸಲಿಲ್ಲ. ನಾನು ವಾರದೊಳಗೆ ಊರಿಗೆ ಬಂದುಬಿಟ್ಟೆ. ನೀನು ತಂಡದ ಉಳಿದ ಇಬ್ಬರನ್ನು ಕಟ್ಟಿಕೊಂಡು ಜೊಹೋರಿನ ಸಣ್ಣ ಊಟದ ಮನೆಯೊಂದರಲ್ಲಿ ಹಾಡುತ್ತ ಉಳಿದೆ. ದುಲ್ಸೇಯ ನಾಮಕರಣಕ್ಕೂ ಬರಲಿಲ್ಲ.

ಬರಬೇಕೆಂದಿದೆ, ಅಕ್ಕ. ಮೊನ್ನೆ ಆಸ್ಪತ್ರೆಯ ಚೀಟಿ ಬರೆಸುವಾಗ ಆ ಹೆಂಗಸು ‘ಹೆಸರು?’ ಎಂದಳು. ‘ದುಲ್ಸೇ ಅಮ್ಮ’ ಎಂದೆ. ‘ಅದಲ್ಲಮ್ಮಾ, ನಿಮ್ ಹೆಸ್ರು’ ಎಂದಳು. ಒಂದು ಕ್ಷಣ ಹುಡುಕಬೇಕಾಯಿತು.

ರೆನಾಂತೆ ಬೇಡವೆನ್ನಲಿಲ್ಲ. ಕಾರ್ಖಾನೆಯಲ್ಲಿ ಪಾಳಿ ಬದಲಾಯಿಸಿಕೊಳ್ಳುತ್ತಾನಂತೆ. ಅತ್ತೆಯಂತೂ ಕೈಬೀಸಿದರು: ‘ಹೋಗು ಹೋಗು. ಐದು ಹೆತ್ತು ಸಾಕ್ದೋಳು ನಾನು, ಒಂದನ್ನೂ ಕೆಳಗೆ ಬೀಳಿಸಿಲ್ಲ.’ ರೆನಾಂತೆ ನನ್ನ ಕಿವಿಯಲ್ಲಿ, ‘ನನ್ನ ಬೀಳಿಸಿದ್ಳು, ಅದಕ್ಕೇ ನಿನ್ನ ಮದ್ವೆಯಾದೆ’ ಎಂದ.

ಹಾಗಾಗಿ ಕೈಗೆಟುಕುವ ಬೆಲೆಯ ಎರಡನೆಯ ಬೇಸ್ ಹುಡುಕುತ್ತೇನೆ. ಸಿಕ್ಕ ದಿನ ಬರುತ್ತೇನೆಂದು ಬರೆಯುತ್ತೇನೆ.

ನಿನ್ನ ತಂಗಿ,
ದಿವಿನಾ


ಲಾಪು-ಲಾಪು
1 ಮಾರ್ಚ್ 1996

ಅಕ್ಕ,

ನಿನ್ನೆ ದುಲ್ಸೇಯನ್ನು ಬಟ್ಟೆಯ ಜೋಲಿಯಲ್ಲಿ ಎದೆಗೆ ಕಟ್ಟಿಕೊಂಡು, ಎರಡು ಜೀಪ್ನಿ ಬದಲಾಯಿಸಿ, ಪೇಟೆಗೆ ಹೋಗಿ ಬಂದೆ. ಅಂಗಡಿಯಲ್ಲಿ ಕೆಂಪು ಬಣ್ಣದ ಹೊಸ ಬೇಸ್ ಒಂದಿದೆ. ಮಾರುವ ಹುಡುಗಿಗೆ ಬಣ್ಣ ಬಿಟ್ಟು ಬೇರೇನೂ ಗೊತ್ತಿಲ್ಲ.

‘ಹೊಳಪು ನೋಡಿ ಮಿಸ್, ಮುಖ ಕಾಣತ್ತೆ.’

‘ನನ್ನ ಮುಖ ಕಾಣೋದು ಬೇಡಮ್ಮ, ಈಗ.’

ಬೆಲೆಯ ಚೀಟಿಯನ್ನು ದುಲ್ಸೇ ಬಾಯಿಗೆ ಹಾಕಿಕೊಂಡಳು. ಹೊರಗೆಳೆದಾಗ ಕೊನೆಯ ಸೊನ್ನೆ ಕರಗಿತ್ತು. ‘ಈಗ ಸರಿಯಾದ ಬೆಲೆ’ ಎಂದೆ. ಹುಡುಗಿ ನಗಲಿಲ್ಲ.

ಸದ್ದು ದೊಡ್ಡದು ಮಾಡುವ ಆಂಪಿಗೆ ಸಿಕ್ಕಿಸಿ ಕೇಳೋಣವೆಂದರೆ ಮಗು ಬೆಚ್ಚುತ್ತಾಳೆ. ಆಗ ನೀನು ಕಲಿಸಿದ ಉಪಾಯ ಮಾಡಿದೆ: ಬೇಸಿನ ತಲೆಯನ್ನು ಅಂಗಡಿಯ ಮರದ ಕಪಾಟಿಗೆ ಆನಿಸಿ ನುಡಿಸಿದೆ. ನೆನಪಿದೆಯಾ, ಮನೆಯಲ್ಲಿ ಆಂಪ್ ಇಲ್ಲದಾಗ ಅಮ್ಮನ ಮರದ ಬೀರುವಿಗೆ ಆನಿಸಿ ಅಭ್ಯಾಸ ಮಾಡುತ್ತಿದ್ದೆವು. ಬೀರುವೇ ಹಾಡುತ್ತಿತ್ತು, ಒಳಗೆ ಅಮ್ಮನ ಉಡುಪುಗಳೆಲ್ಲ ನಡುಗುತ್ತಿದ್ದವು. ಕಪಾಟಿನಲ್ಲಿ ಕೇಳಿದ ನಾದ ಪರವಾಗಿಲ್ಲ. ಆದರೆ ಕತ್ತು ಗಿಡ್ಡ. ಮೆಟ್ಟುಗಳು ಹತ್ತಿರ ಹತ್ತಿರ. ನನ್ನ ಎಡಗೈ ಪ್ರತಿ ಸಲವೂ ಒಂದು ಅಕ್ಕಿಕಾಳಿನಷ್ಟು ಮುಂದೆ ಹೋಗಿ ಬೀಳುತ್ತಿತ್ತು. ಹಾಡಿನ ನಡುವೆ ವಾದ್ಯ ಬದಲಾಯಿಸಿದರೆ ಅಪಸ್ವರ ಖಂಡಿತ. ಬಿಟ್ಟು ಬಂದೆ.

ಆ ಬೀರು ಈಗ ನನ್ನ ಮನೆಯಲ್ಲಿದೆ. ದುಲ್ಸೇಗೆ ನಿದ್ದೆ ಬರುವುದು ಅದರ ಬುಡದಲ್ಲೇ. ಚಾಪೆಯ ಮೇಲೆ ಮಲಗಿಸಿ, ಅವಳ ಅಂಗಾಲು ಎರಡೂ ಬೀರುವಿನ ಬಾಗಿಲಿಗೆ ತಾಗುವ ಹಾಗೆ ಮಾಡುತ್ತೇನೆ. ನನ್ನ ಹಳೆಯ ಬೇಸನ್ನು ಅದೇ ಬಾಗಿಲಿಗೆ ಆನಿಸಿ ದಪ್ಪ ತಂತಿ ಮೀಟುತ್ತೇನೆ. ಬಾಗಿಲು ಗುಂಯ್ಗುಡುತ್ತದೆ, ಅವಳ ಕಣ್ಣು ತೂಗುತ್ತದೆ. ಜೋಗುಳ, ಕೆನ್ನೆ ತಟ್ಟುವುದು, ಅತ್ತೆಯ ಬೈಗುಳ, ಬೇರೆ ಯಾವುದಕ್ಕೂ ಬಗ್ಗುವವಳಲ್ಲ. ನಾನು ಇಲ್ಲದಿದ್ದರೆ ಏನು ಮಾಡುತ್ತಾಳೋ. ಇದನ್ನು ಬರೆಯಬಾರದೆಂದಿದ್ದೆ.

ದಿವಿನಾ


ಜೊಹೋರ್
12 ಮಾರ್ಚ್ 1996

ಇಂದಾಯ್,

ನೀನು ಬೇಸ್ ನೋಡಲು ಹೋದ ಕಥೆ ಓದಿ ಅಮ್ಮ ನೆನಪಾದಳು. ಮಾರ್ಕೆಟ್ಟಿನಲ್ಲಿ ಇದ್ದಬದ್ದ ಮೀನಿನ ಕಿವಿರನ್ನೆಲ್ಲ ಎತ್ತಿ ನೋಡಿ, ಎಲ್ಲರ ಹತ್ತಿರ ಬೈಸಿಕೊಂಡು, ಕೊನೆಗೆ ಒಣಮೀನು ಕೊಂಡು ಬರುತ್ತಿದ್ದಳಲ್ಲ.

ಗಿಡ್ಡ ಕತ್ತು ಬೇಡ, ಸರಿ. ಅಳತೆ ಒಂದೇ ಇರಲಿ, ತಂತಿಯ ದಪ್ಪ ಒಂದೇ ಇರಲಿ. ಬದಲಿ ವಾದ್ಯಕ್ಕೆ ಸೌಂದರ್ಯ ಬೇಕಿಲ್ಲ. ಗಿಟಾರಿಗೇ ಹೆಸರಾದ ಸೆಬುವಿನಂಥ ಊರಿನಲ್ಲಿ ನಿಂತುಕೊಂಡು ಗಿಟಾರ್ ಸಿಗಲಿಲ್ಲ ಅಂತ ಬರೆಯಬೇಡ, ಕೇಳಿದವರು ನಗುತ್ತಾರೆ.

ಇಲ್ಲಿ ಎಲ್ಲರೂ ಆರಾಮ. ನನ್ನ ಎಡಗೈ ಮಣಿಕಟ್ಟು ಮಾತ್ರ ನೋಯುತ್ತದೆ.

ಮಗುವಿನ ಫೋಟೋ ಇದ್ದರೆ ಕಳಿಸು. ಇಲ್ಲದಿದ್ದರೆ ಬೇಡ.

ಮಿನಿಂಗ್


ಲಾಪು-ಲಾಪು
25 ಮಾರ್ಚ್ 1996

ಅಕ್ಕ,

ಫೋಟೋ ಇಟ್ಟಿದ್ದೇನೆ. ಮಸುಕಾಗಿರುವುದು ಕ್ಯಾಮೆರಾದ ತಪ್ಪಲ್ಲ, ಅವಳು ಒಂದು ಕಡೆ ನಿಲ್ಲುವುದಿಲ್ಲ.

ಜಪಾನಿನ ಹಳೆಯ ಸಾಮಾನು ಹಡಗಿನಲ್ಲಿ ಬಂದು ಬೀಳುವ ಗೋದಾಮಿಗೆ ರೆನಾಂತೆ ಕರೆದುಕೊಂಡು ಹೋಗಿದ್ದ. ಸೈಕಲ್ಲು, ಕುರ್ಚಿ, ರೈಸ್ ಕುಕ್ಕರುಗಳ ರಾಶಿಯ ಹಿಂದೆ ಒಂದು ಬೇಸ್. ಕಂದು ಬಣ್ಣ, ಉದ್ದ ಕತ್ತು, ನನ್ನದರ ಅಳತೆಯೇ. ಗಟ್ಟಿಮುಟ್ಟು. ಹೆಗಲಿಗೆ ಹಾಕಿಕೊಂಡರೆ ಗೋಣಿಚೀಲ ಹೊತ್ತ ಹಾಗೆ. ರೆನಾಂತೆ, ‘ಇದನ್ ಆರ್ ತಿಂಗ್ಳು ಹೊತ್ರೆ ನೀನು ಕುಳ್ಳಿಯಾಗಿ ವಾಪಸ್ ಬರ್ತೀಯ, ಆಗ ಇಬ್ರೂ ಸಮ’ ಎಂದ. ಅವನು ನನ್ನ ಭುಜಕ್ಕೆ ಬರುತ್ತಾನೆಂದು ನಿನಗೆ ಗೊತ್ತಲ್ಲ.

ನುಡಿಸಿದೆ. ನಾದ ತುಂಬಿತ್ತು, ಬಿರಡೆಗಳು ಬಿಗಿ. ಬೆಲೆಯೂ ರೆನಾಂತೆಯ ಒಂದು ತಿಂಗಳ ಸಂಬಳದೊಳಗೆ. ತೆಗೆದುಕೊಳ್ಳಬೇಕಿತ್ತು.

ಅದರ ಪೆಟ್ಟಿಗೆಯ ಒಳಗೆ, ತಂತಿ ಇಡುವ ಸಣ್ಣ ಗೂಡಿನ ಮುಚ್ಚಳದ ಮೇಲೆ, ಮಕ್ಕಳು ಅಂಟಿಸುವ ಬೆಕ್ಕಿನ ಚಿತ್ರಗಳಿದ್ದವು. ಕೆಳಗಡೆ ಮಾತ್ರ, ಪುಟ್ಟ ಕೈಗೆಟುಕುವಷ್ಟು ಎತ್ತರಕ್ಕೆ. ಜಪಾನಿನಲ್ಲಿ ಯಾರೋ ಒಬ್ಬಳು ಇದನ್ನು ಮೂಲೆಗಿಟ್ಟಿದ್ದಾಳೆ, ಅವಳ ಮಗು ಪೆಟ್ಟಿಗೆ ತೆರೆದು ಆಡಿದೆ, ಆಮೇಲೆ ಅವಳೇ ಇದನ್ನು ರಸ್ತೆಗೆ ಹಾಕಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಗಂಡಸೂ ಆಗಿರಬಹುದು. ಮುದುಕನೂ ಆಗಿರಬಹುದು. ಕೊಳ್ಳಲಾಗಲಿಲ್ಲ. ಕತ್ತು ಕೊಂಚ ತಿರುಚಿದೆ ಎಂದು ರೆನಾಂತೆಗೆ ಸುಳ್ಳು ಹೇಳಿದೆ.

ಮನೆಗೆ ಬರುವಾಗ ಜೀಪ್ನಿಯಲ್ಲಿ ಅವನು ಕೇಳಿದ: ‘ನಿಜ ಹೇಳು. ಹೋಗೋಕಿಷ್ಟ ಇಲ್ವಾ?’

‘ಇದೆ.’

‘ಹಾಗಾದ್ರೆ ಇರೋಕಿಷ್ಟ ಇಲ್ವಾ?’

‘ಅದೂ ಇದೆ.’

‘ಸರಿ ಹೋಯ್ತು’ ಎಂದು ಚಾಲಕನಿಗೆ ಕೊಡಬೇಕಾದ ಚಿಲ್ಲರೆ ಹುಡುಕತೊಡಗಿದ.

ಅತ್ತೆ ದಿನಾ ನುಗ್ಗೆಸೊಪ್ಪಿನ ಸಾರು ಕುಡಿಸುತ್ತಾರೆ. ಮೈಯೆಲ್ಲ ಹಸಿರಾಗಿರಬೇಕು.

ದಿವಿನಾ


ಲಾಪು-ಲಾಪು
8 ಏಪ್ರಿಲ್ 1996

ಅಕ್ಕ,

ಈ ಕಾಗದ ಉದ್ದವಾಗುತ್ತದೆ.

ಅಬುನೋದಲ್ಲಿ ನೋಂಗ್ ಪರ್ಫೆಕ್ತೋ ಎಂಬ ಹಿರಿಯರಿದ್ದಾರೆ. ಗಿಟಾರ್ ಮಾಡುವವರು. ತಗಡಿನ ಮಾಡು, ನೆಲದ ತುಂಬ ಹೊಟ್ಟು, ಗೋಡೆಗೆ ತೂಗುಹಾಕಿದ ಅರೆಬರೆ ಗಿಟಾರುಗಳು. ಅವರು ಹಲಸಿನ ಮರದಲ್ಲಿ ಒಂದು ಬೇಸ್ ಮಾಡಿಟ್ಟಿದ್ದಾರೆ. ಯಾರೋ ಮಾಡಿಸಿ, ಒಯ್ಯಲು ಬರಲೇ ಇಲ್ಲವಂತೆ. ಹಳದಿ ಮೈ, ಬಣ್ಣ ಬಳಿದಿಲ್ಲ. ತಂತಿಯ ಕೆಳಗೆ ಕೂತು ನಾದ ಹಿಡಿಯುವ ಪಿಕಪ್ಪನ್ನು ಯಾವುದೋ ಮುರಿದ ಬೇಸಿನಿಂದ ಕಿತ್ತು ಹಾಕಿದ್ದಾರೆ.

‘ಎರಡ್ನೇದು ಯಾಕೆ ಬೇಕು ಇಂದಾಯ್?’ ಎಂದರು, ಮನೆಯ ಮಗಳನ್ನು ಕರೆಯುವ ಹಾಗೆ.

‘ಮೊದಲನೇದು ಕೆಟ್ಟರೆ ಇರಲಿ ಅಂತ.’

‘ಅದೆಲ್ಲಾರೂ ಹೇಳ್ತಾರೆ. ತಗೊಂಡ್ಹೋಗಿ ಮಂಚದಡಿ ಹಾಕ್ತಾರೆ. ಎರಡ್ನೇದನ್ನ ದಿನಾ ನುಡಿಸ್ಬೇಕು, ಇಲ್ಲಾಂದ್ರೆ ಅದು ಬದಲಿ ಅಲ್ಲ, ಸೌದೆ.’

ಆಮೇಲೆ ಒಂದು ಪರೀಕ್ಷೆ ಮಾಡಿದರು. ನನ್ನ ಹಳೆಯ ಬೇಸನ್ನು ಕೈಗೆ ಕೊಟ್ಟು, ಕಣ್ಣು ಮುಚ್ಚಿ ನುಡಿಸು ಎಂದರು. ನುಡಿಸುತ್ತಿದ್ದ ಹಾಗೆಯೇ ಅದನ್ನು ಕೈಯಿಂದ ತೆಗೆದು ಹಲಸಿನದನ್ನು ಇಟ್ಟರು. ಎಲ್ಲಿ ಬಿಟ್ಟಿದ್ದೆನೋ ಅಲ್ಲಿಂದ ಹಿಡಿದೆ. ‘ಕೈ ಬೆಚ್ಚಲಿಲ್ಲ’ ಎಂದರು. ‘ಅಷ್ಟೇ ನೋಡ್ಬೇಕಾದ್ದು. ಬದಲಿ ಅಂದ್ರೆ ಒಳ್ಳೇದೂ ಅಲ್ಲ, ಕೆಟ್ಟದ್ದೂ ಅಲ್ಲ, ಕೈ ಬೆಚ್ಚದೇ ಇರೋದು.’ ಬೆಲೆ ಕೇಳಿ ನಾನು ಚೌಕಾಸಿ ಮಾಡಲಿಲ್ಲ. ತಂತಿಗಳನ್ನು ಹೊರುವ ಕುದುರೆಯ ಎತ್ತರ ಸರಿ ಇದೆಯೋ ಇಲ್ಲವೋ ವಾರ ನುಡಿಸಿ ಹೇಳು ಎಂದು ಮನೆಗೆ ಕೊಟ್ಟು ಕಳಿಸಿದರು.

ಅದರ ಮಾರನೆಯ ದಿನ ಬಿಟ್ಟು ಶುಭ ಶುಕ್ರವಾರ. ಅತ್ತೆಯ ಲೆಕ್ಕದಲ್ಲಿ ಆ ದಿನ ಮೊಳೆ ಹೊಡೆಯುವಂತಿಲ್ಲ, ಜೋರಾಗಿ ನಗುವಂತಿಲ್ಲ, ರೇಡಿಯೊಗೆ ಬಟ್ಟೆ ಮುಚ್ಚಿರುತ್ತಾರೆ. ದೇವರು ಸತ್ತ ದಿನ. ಎರಡೂ ಬೇಸನ್ನು ಬೆಳಿಗ್ಗೆಯೇ ಬೀರುವಿನೊಳಗೆ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ದುಲ್ಸೇಗೆ ದೇವರು ಸತ್ತದ್ದು ಗೊತ್ತಿಲ್ಲವಲ್ಲ. ಹತ್ತು ಗಂಟೆಯಿಂದ ಅಳಲು ಶುರು. ಹನ್ನೆರಡಕ್ಕೆ ಧ್ವನಿ ಕಟ್ಟಿತು. ಎರಡೂವರೆಗೆ, ಬೀದಿಯೆಲ್ಲ ಮೌನವಾಗಿರುವಾಗ, ನಮ್ಮ ಮನೆಯೊಂದರಿಂದಲೇ ಸದ್ದು. ಅತ್ತೆ ಶಿಲುಬೆಯನ್ನು ನೋಡಿದರು, ಮಗುವನ್ನು ನೋಡಿದರು, ಬೀಗದ ಕೈ ತೆಗೆದು ನನ್ನತ್ತ ಎಸೆದರು.

‘ಆಂಪ್ ಹಾಕ್ಬೇಡ. ನಾನು ಬಾಗ್ಲಲ್ಲಿ ನಿಂತಿರ್ತೀನಿ. ನನ್ ಕಿವಿಗೆ ಕೇಳಿಸ್ದೇ ಇದ್ರೆ ಅದು ಸಂಗೀತ ಅಲ್ಲ.’

‘ಕೇಳಿಸಿದ್ರೆ?’

‘ನಂಗೆ ವಯಸ್ಸಾಗಿದೆ’ ಎಂದರು.

ಮೊದಲು ಹಲಸಿನದನ್ನು ಬಾಗಿಲಿಗೆ ಆನಿಸಿದೆ. ದಪ್ಪ ತಂತಿ ಮೀಟಿದೆ. ದುಲ್ಸೇಯ ಅಳು ನಿಂತಿತು. ಆದರೆ ಎರಡೂ ಕಾಲನ್ನು ಬಾಗಿಲಿನಿಂದ ಎಳೆದುಕೊಂಡು, ಕಣ್ಣು ಅಗಲ ಮಾಡಿ, ನನ್ನನ್ನೇ ನೋಡಿದಳು. ಹಳೆಯದನ್ನು ಆನಿಸಿದೆ. ಅಂಗಾಲು ಮತ್ತೆ ಬಾಗಿಲಿಗೆ ಹೋಯಿತು. ಮೂರು ನಿಮಿಷದಲ್ಲಿ ನಿದ್ದೆ. ನನ್ನ ಕೈ ಬೆಚ್ಚಲಿಲ್ಲ, ಅವಳ ಕಾಲು ಬೆಚ್ಚಿತು.

ಇನ್ನೊಂದು ಮಾತು. ನೋಂಗ್ ಪರ್ಫೆಕ್ತೋ ನನ್ನ ಹಳೆಯ ಬೇಸನ್ನೂ ಬಿಚ್ಚಿ ನೋಡಿದರು. ರೋಗ ಏನೆಂದು ತಿಳಿಯದೆ ಬದಲಿ ಕೊಡುವುದು ಹೇಗೆ ಎಂದರು. ಹಿಂದಿನ ಮುಚ್ಚಳ ತೆಗೆದು, ಕನ್ನಡಕ ಏರಿಸಿ,

ದುಲ್ಸೇ ಎದ್ದಳು. ಇಲ್ಲಿಗೆ ನಿಲ್ಲಿಸುತ್ತೇನೆ.

ದಿವಿನಾ


ಜೊಹೋರ್
17 ಏಪ್ರಿಲ್ 1996

ಇಂದಾಯ್,

ಕನ್ನಡಕ ಏರಿಸಿ?

ಮಗು ಎದ್ದಿತು ಅಂತ ಬರೆಯುವಷ್ಟು ಹೊತ್ತು ಇತ್ತು, ಸಹಿ ಮಾಡುವಷ್ಟು ಹೊತ್ತು ಇತ್ತು, ಅಂಚೆಚೀಟಿ ಅಂಟಿಸುವಷ್ಟು ಹೊತ್ತೂ ಇತ್ತು. ಆ ಒಂದು ವಾಕ್ಯ ಮುಗಿಸಲು ಮಾತ್ರ ಇರಲಿಲ್ಲ.

ಹಲಸಿನ ಬೇಸ್ ತೆಗೆದುಕೊ. ಅದರ ಬಗ್ಗೆ ನೀನು ಒಂದೂ ದೂರು ಬರೆದಿಲ್ಲ, ನಿನ್ನ ಕಾಗದಗಳಲ್ಲಿ ಅದೇ ದೊಡ್ಡ ಹೊಗಳಿಕೆ. ಆದರೆ ನಾನು ಕಾಯುತ್ತಿರುವುದು ಬೇಸಿನ ಸುದ್ದಿಗಲ್ಲ.

ತಿಂಗಳ ಕೊನೆಗೆ ಹೆಸರು ಹೋಗಬೇಕು. ಮನಿಲಾದ ಒಬ್ಬ ಪೆಟ್ಟಿಗೆ ಕಟ್ಟಿಕೊಂಡು ಕೂತಿದ್ದಾನೆ. ಚೆನ್ನಾಗಿ ನುಡಿಸುತ್ತಾನೆ, ಸೊಟ್ಟಗೆ ನಗುತ್ತಾನೆ.

ಮಿನಿಂಗ್


ಲಾಪು-ಲಾಪು
22 ಏಪ್ರಿಲ್ 1996

ಅಕ್ಕ,

ಕನ್ನಡಕ ಏರಿಸಿ, ‘ಇಂದಾಯ್, ಇದಕ್ಕೆ ಯಾವ ರೋಗಾನೂ ಬಂದಿಲ್ಲ’ ಎಂದರು. ‘ಕಾರ್ಖಾನೇಲಿ ಹಾಕಿದ ಬೆಸುಗೆ ಹಾಗ್ಹಾಗೇ ಇದೆ. ಒಂದು ವೈರೂ ಕಿತ್ತಿಲ್ಲ, ಯಾರೂ ರಿಪೇರಿ ಮಾಡಿಲ್ಲ.’

‘ತಾನೇ ಸರಿಹೋಗಿರ್ಬೇಕು’ ಎಂದೆ.

‘ತಾನೇ ಸರಿಹೋಗೋದು ನೆಗಡಿ’ ಎಂದು ಮುಚ್ಚಳ ಹಾಕಿ ತಿರುಪು ಬಿಗಿ ಮಾಡಿದರು. ಮುಖ ನೋಡಲಿಲ್ಲ. ನೋಡದೇ ಇದ್ದದ್ದಕ್ಕೆ ಅವರ ಕಾಲಿಗೆ ಬೀಳಬೇಕೆನಿಸಿತು.

ಆ ಔತಣದ ದಿನ ಸಂಜೆ, ಬಟ್ಟೆ ಬದಲಾಯಿಸುವ ಮುಂಚೆ, ಹೋಟೆಲಿನ ಸ್ನಾನದ ಮನೆಯಲ್ಲಿ ನನಗೆ ಖಚಿತವಾಗಿತ್ತು. ನವೆಂಬರಿನ ರಜೆ ಮುಗಿಸಿ ಬಂದು ಮೂರನೆಯ ತಿಂಗಳು. ಒಪ್ಪಂದದಲ್ಲಿ ಬಸುರಿಗೆ ಜಾಗವಿಲ್ಲ. ಯಾರಿಗೂ ಹೇಳದೆ ವೇದಿಕೆಗೆ ಬಂದೆ. ಮೂರು ಹಾಡು ಆಯಿತು. ನಾಲ್ಕನೆಯದರಲ್ಲಿ ಆ ಉದ್ದನೆಯ ಕೆಳಸ್ವರಗಳಿವೆಯಲ್ಲ, ಬೇಸಿನ ಬೆನ್ನು ನನ್ನ ಹೊಟ್ಟೆಗೆ ಒತ್ತಿಕೊಂಡು ನಡುಗುತ್ತಿತ್ತು. ನೂರು ಸಲ ನಡುಗಿದೆ ಹಾಗೆ, ಅವತ್ತೇ ಮೊದಲು ಗೊತ್ತಾದದ್ದು. ಒಳಗಿರುವುದು ಇನ್ನೂ ಎಷ್ಟು ಸಣ್ಣದು, ಹಿಡಿದುಕೊಂಡಿರುವುದಾದರೂ ಎಷ್ಟರಿಂದ ಎನಿಸಿತು. ಈ ನಡುಕಕ್ಕೆ ಕಳಚಿಕೊಂಡರೆ? ಕಾಲೇಜಿನಲ್ಲಿ ಜೀವಶಾಸ್ತ್ರ ಓದಿ ಪಾಸಾದವಳು ನಾನು. ಇದು ಹುಚ್ಚೆಂದು ತಲೆಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ಕೈ ಹೋಗಿ ವಾಲ್ಯೂಮ್ ಗುಂಡಿಯನ್ನು ಸೊನ್ನೆಗೆ ತಿರುಗಿಸಿತು, ತಂತಿಯ ಮೇಲೆ ಅಂಗೈ ಇಟ್ಟು ಅದುಮಿತು.

ನೀನು ತಿರುಗಿ ನೋಡಿದೆ. ‘ವೈರು ಹೋಯ್ತು’ ಎಂದೆ. ಆ ಮಾತು ಎಷ್ಟು ಸುಲಭವಾಗಿ ಬಂತೆಂದರೆ, ನನಗೇ ನಂಬಿಕೆ ಬಂತು.

ಕೆಟ್ಟದ್ದು ಬೇಸ್ ಅಲ್ಲ. ಆ ದಿನ ಹತ್ತು ಬೇಸ್ ಪಕ್ಕದಲ್ಲಿದ್ದರೂ ನಾನು ಹತ್ತನ್ನೂ ಸೊನ್ನೆಗೆ ತಿರುಗಿಸುತ್ತಿದ್ದೆ. ನಿನ್ನ ತಂಡಕ್ಕೆ ಕೆಟ್ಟ ಹೆಸರು ಬಂದದ್ದು ನನ್ನಿಂದ. ಜೊಹೋರಿನ ಹದಿನೈದು ತಿಂಗಳು ನನ್ನಿಂದ. ಎರಡು ಬೇಸ್ ಬೇಕೆಂಬ ಷರತ್ತೂ ನನ್ನ ಸುಳ್ಳಿಗೇ ಹುಟ್ಟಿದ್ದು. ಅದಕ್ಕೇ ಒಂದೊಂದು ಬೇಸ್ ನೋಡಿದಾಗಲೂ ಕೊಳ್ಳಲು ಕೈ ಬರುತ್ತಿರಲಿಲ್ಲ; ಇಲ್ಲದ ರೋಗಕ್ಕೆ ಔಷಧಿ ಕೊಂಡ ಹಾಗೆ.

ಈಗ ನಗು ಬರುವ ಸಂಗತಿ ಹೇಳಲಾ? ಯಾವ ನಡುಕಕ್ಕೆ ಅವಳು ಕಳಚಿಕೊಂಡಾಳೆಂದು ಹೆದರಿದ್ದೆನೋ, ಅದೇ ನಡುಕ ಇಲ್ಲದೆ ಅವಳಿಗೆ ನಿದ್ದೆ ಬರುವುದಿಲ್ಲ.

ಮನಿಲಾದವನ ಹೆಸರು ಕೊಡು. ನನಗೆ ಕೇಳುವ ಮುಖವಿಲ್ಲ.

ದಿವಿನಾ


ಜೊಹೋರ್
6 ಮೇ 1996

ಇಂದಾಯ್,

ನಿನ್ನ ಕಾಗದ ಕೈಗೆ ಬಂದದ್ದು ಮೇ ಎರಡಕ್ಕೆ, ಗಡುವು ಮುಗಿದ ಮೇಲೆ. ಚಿಂತಿಸಬೇಡ. ನಿನ್ನ ಹೆಸರನ್ನು ಮಾರ್ಚಿನಲ್ಲೇ ಕೊಟ್ಟಾಗಿತ್ತು. ಮನಿಲಾದಲ್ಲಿ ಯಾರೂ ಪೆಟ್ಟಿಗೆ ಕಟ್ಟಿಕೊಂಡು ಕೂತಿಲ್ಲ, ಆ ಸೊಟ್ಟ ನಗೆಯನ್ನು ನಾನೇ ಅಂಟಿಸಿದ್ದು.

ಔತಣದ ಮಾರನೆಯ ಬೆಳಿಗ್ಗೆ ನೀನು ಮುಸುಕು ಹೊದ್ದು ಮಲಗಿದ್ದಾಗ ನಿನ್ನ ಬೇಸನ್ನು ಆಂಪಿಗೆ ಸಿಕ್ಕಿಸಿ ನೋಡಿದೆ. ವಾಲ್ಯೂಮ್ ಗುಂಡಿ ಏರಿಸಿದ್ದೇ ತಡ, ಗಂಟೆಯ ಹಾಗೆ ಮಾತಾಡಿತು. ಅದು ಅಲ್ಲಿಯವರೆಗೂ ಸೊನ್ನೆಯಲ್ಲೇ ಇತ್ತು, ನೀನು ತಿರುಗಿಸಿ ಇಡುವುದನ್ನೂ ಮರೆತಿದ್ದೆ. ಸುಳ್ಳು ಹೇಳುವುದಕ್ಕೂ ಅಭ್ಯಾಸ ಬೇಕು.

ವಾದ್ಯ ಒಂದರ ಮೇಲೆ ಒಂದು ಪೇರಿಸಿಕೊಂಡು ಬನ್ನಿ ಅಂತ ಯಾವ ಹೋಟೆಲಿನವರೂ ಹೇಳಿಲ್ಲ. ಆ ಷರತ್ತು ನನ್ನದು. ಬೇಸ್ ಹುಡುಕುತ್ತ ಹುಡುಕುತ್ತ ಎಲ್ಲೋ ಒಂದು ಕಡೆ ನಿಂತು, ‘ಅಕ್ಕ, ಮೊದಲನೆಯದೇ ಸರಿ ಇದೆ’ ಅಂತ ನೀನೇ ಬರೆಯುತ್ತೀಯ ಅಂದುಕೊಂಡೆ. ಅದಕ್ಕೆ ಒಬ್ಬ ಮುದುಕ ಮುಚ್ಚಳ ಬಿಚ್ಚಬೇಕಾಯಿತು.

ಒಪ್ಪಂದ ಹೋದದ್ದಕ್ಕೆ ನಾನು ಮುನಿಸಿಕೊಂಡಿರಲಿಲ್ಲ. ಒಪ್ಪಂದ ಬರುತ್ತದೆ, ಹೋಗುತ್ತದೆ. ನಿನ್ನ ಹೊಟ್ಟೆಯಲ್ಲಿ ಮಗು ಇದೆಯೆಂದು ಪ್ರಪಂಚದಲ್ಲಿ ಮೊದಲು ನನಗೆ ಹೇಳಬೇಕಿತ್ತು. ಹೇಳಿದ್ದರೆ ನಾನೇನು ಅದರ ಮೇಲೆ ಡ್ರಮ್ ಬಾರಿಸುತ್ತಿದ್ದೆನಾ? ನೀನು ಅದನ್ನು ಒಂದು ವೈರಿನ ಮೇಲೆ ಹಾಕಿ, ನನ್ನ ಕಡೆ ಬೆನ್ನು ತಿರುಗಿಸಿದೆ. ನಾಮಕರಣಕ್ಕೆ ಬಂದಿದ್ದರೆ ಎಲ್ಲರೆದುರು ಅತ್ತುಬಿಡುತ್ತಿದ್ದೆ.

ಇನ್ನೊಂದು. ನಾಲ್ಕನೆಯ ಹಾಡಿನಿಂದ ಹನ್ನೊಂದನೆಯವರೆಗೆ ಬೇಸ್ ಇಲ್ಲದೆ ಹೋಯಿತು ಎಂದುಕೊಂಡಿದ್ದೀಯಾ? ನನ್ನ ಎಡಗೈ ಕೀಬೋರ್ಡಿನ ಕೆಳತುದಿಗೆ ಹೋಗಿ ನಿನ್ನದೆಲ್ಲ ನುಡಿಸಿತು. ಹದಿನೈದು ತಿಂಗಳಿಂದ ಅದೇ ನುಡಿಸುತ್ತಿದೆ. ಮಣಿಕಟ್ಟು ನೋವು ಅಂತ ಬರೆದೆನಲ್ಲ, ನೀನು ಯಾಕೆ ಅಂತ ಕೇಳಲಿಲ್ಲ.

ಇಪ್ಪತ್ತೊಂಬತ್ತಕ್ಕೆ ವಿಮಾನ. ಒಂದೇ ಬೇಸ್ ತಾ. ಬದಲಿ ಇಲ್ಲಿದೆ.

ನಿನ್ನ ಅಕ್ಕ,
ಹೆರ್ಮಿನಿಯಾ (ಮಿನಿಂಗ್)


ಲಾಪು-ಲಾಪು
15 ಮೇ 1996

ಅಕ್ಕ,

ಕಾಗದ ಓದಿ ಅಡುಗೆಮನೆಯಲ್ಲಿ ಕೂತೆ. ಮುಸುಕಿನ ಜೋಳದ ನುಚ್ಚು ತಳ ಹಿಡಿಯಿತು. ಅತ್ತೆ ಬೈಯಲಿಲ್ಲ, ಅದಕ್ಕೇ ಹೆದರಿಕೆಯಾಯಿತು.

ಹಲಸಿನ ಬೇಸನ್ನು ಕೊಂಡೆ. ಬೇಕಿಲ್ಲವೆಂದು ನೀನು ಬರೆದ ಮೇಲೆ ಕೊಂಡೆ. ನಿನ್ನ ಹತ್ತಿರ ಬದಲಿ ಇದೆ, ಈ ಮನೆಯಲ್ಲಿ ಇಲ್ಲ. ಹಳೆಯದನ್ನು ಇಲ್ಲಿ ಬಿಟ್ಟು, ಹಲಸಿನದನ್ನು ತರುತ್ತೇನೆ. ನೋಂಗ್ ಪರ್ಫೆಕ್ತೋಗೆ ಹೇಳಿದಾಗ, ‘ಹಾಗಾದ್ರೆ ಯಾವ್ದು ಮೊದಲ್ನೇದು, ಯಾವ್ದು ಎರಡ್ನೇದು?’ ಎಂದರು. ನನಗೂ ಗೊತ್ತಿಲ್ಲ ಎಂದೆ. ಕುದುರೆಯನ್ನು ಕೂದಲೆಳೆಯಷ್ಟು ಇಳಿಸಿ ಕೊಟ್ಟರು.

ಈಗ ಅತ್ತೆಗೆ ಪಾಠ ನಡೆಯುತ್ತಿದೆ. ಬೇಸಿನ ತಲೆಯನ್ನು ಬಾಗಿಲಿಗೆ ಎಲ್ಲಿ ಆನಿಸಬೇಕು, ಯಾವ ತಂತಿ, ಹೆಬ್ಬೆರಳು ಹೇಗೆ. ‘ಇಷ್ಟ್ ದಪ್ಪ ತಂತೀಲಿ ನಾವು ಬಟ್ಟೆ ಒಣ್ಗಿಸ್ತಿದ್ವಿ’ ಎನ್ನುತ್ತಾರೆ. ರೆನಾಂತೆ ಶ್ರುತಿ ಮಾಡಲು ಕಲಿತಿದ್ದೇನೆಂದು ಹೇಳುತ್ತಾನೆ. ನನ್ನ ಮುಂದೆ ಮಾಡಿ ತೋರಿಸು ಎಂದರೆ ಕಾರ್ಖಾನೆಗೆ ಹೊತ್ತಾಯಿತು ಎನ್ನುತ್ತಾನೆ.

ಅತ್ತೆ ನುಡಿಸಿದರೆ ದುಲ್ಸೇ ಇನ್ನೂ ಮಲಗುತ್ತಿಲ್ಲ. ನನ್ನನ್ನು ಹುಡುಕುತ್ತಾಳೆ. ಮಲಗಲಿ ಎಂದು ಪ್ರಾರ್ಥಿಸುತ್ತೇನೆ. ಮಲಗಿಬಿಟ್ಟರೆ ಏನು ಮಾಡಲಿ ಎಂದೂ ಯೋಚಿಸುತ್ತೇನೆ. ಎರಡೂ ಒಂದೇ ಉಸಿರಿನಲ್ಲಿ. ಈ ಮಾತನ್ನೂ ಮೊದಲು ನಿನಗೇ ಹೇಳುತ್ತಿದ್ದೇನೆ.

ಮಣಿಕಟ್ಟಿಗೆ ಎಣ್ಣೆ ತರುತ್ತೇನೆ. ಅದು ಯಾಕೆ ನೋಯುತ್ತದೆ ಅಂತ ಈಗ ಕೇಳುತ್ತಿದ್ದೇನೆ.

ದಿವಿನಾ


ಲಾಪು-ಲಾಪು
30 ಜೂನ್ 1996

ದಿವಿನಾ,

ಅಮ್ಮ ಹೇಳುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ. ಒಂದಕ್ಷರವೂ ತಿದ್ದಬಾರದೆಂದು ಆಜ್ಞೆ.

‘ನಿನ್ ಕಾಗ್ದ ಬಂತು. ದಿನಾ ಬರೀಬೇಡ, ಅಂಚೆಯವ್ನು ಕುಂಟ್ತಾನೆ. ಮಗು ಚೆನ್ನಾಗಿದೆ, ನಾಕು ಹಲ್ಲು. ಬೀರು ಹಿಡ್ಕೊಂಡು ನಿಲ್ತಾಳೆ. ಮೊದಲ್ನೇ ವಾರ ಏನಾಯ್ತು ಅಂತ ನಿಂಗೆ ಬರಿಯೋಲ್ಲ. ಹತ್ನೇ ದಿನ ನಾನು ಸಿಟ್ಟಲ್ಲಿ ಆ ತಂತಿನ ಬಟ್ಟೆ ಒಗೆಯೋ ಹಾಗೆ ಹೊಡ್ದೆ. ಮಲಗ್ಬಿಟ್ಳು. ಅವತ್ತಿಂದ ಮಲಗ್ತಾಳೆ. ನನ್ ಮಗ ಅದು ಶ್ರುತಿ ಇಳ್ದಿದೆ ಅಂತಾನೆ. ಇಳೀಲಿ. ಅವಳ್ಗೆ ಆ ಮರ ಗೊತ್ತು. ಕೈ ಯಾರ್ದಾದ್ರೇನು.’

(ಈ ಕೊನೆಯ ಮಾತು ಬೇಡ ಎಂದೆ. ‘ಬರಿ, ಅವ್ಳಿಗೆ ನಿಜ ಬೇಕು’ ಎಂದಳು. ರೆ.)

‘ಇನ್ನೊಂದು ಬರಿ ರೆನಾಂತೆ. ನಾನು ನುಡಿಸೋದು ನಿಲ್ಸಿದ್ ಮೇಲೆ ಬೇರೆ ಮಕ್ಳಾದ್ರೆ ಕಾಲು ಮಡ್ಚ್ಕೊಂಡು ಮಲಗ್ತವೆ. ಇವ್ಳು ಮಡ್ಚಲ್ಲ. ನಿದ್ದೇಲೂ ಎರಡಂಗಾಲನ್ನೂ ಬಾಗ್ಲಿಗೆ ಒತ್ಕೊಂಡೇ ಇರ್ತಾಳೆ. ಮೆಲ್ಲಗೆ ತೆಗೆದು ಈ ಕಡೆ ಇಟ್ರೆ ಮತ್ತೆ ಹುಡುಕ್ಕೊಂಡ್ ಹೋಗಿ ಇಡ್ತಾಳೆ. ಏನು ಕೇಳ್ತಾಳೋ ಗೊತ್ತಿಲ್ಲ. ನಾನೂ ಒಂದಿನ ಯಾರೂ ಇಲ್ದಾಗ ಕೆನ್ನೆ ಇಟ್ಟು ನೋಡ್ದೆ. ಬರೀ ಮರ. ಆದ್ರೂ ಕಾಲು ತೆಗೀಲಿಲ್ಲ ನೋಡು ಅವ್ಳು.’

ಇಷ್ಟೇ ಹೇಳಿದಳು.

ರೆನಾಂತೆ, ಮತ್ತು ಅಮ್ಮ ಪಾಸಿಂಗ್